ಕ್ಯಾಮೆರಾ ಸ್ವಲ್ಪ ಎಡಕ್ಕೆ

ನನ್ನ ಫೋನಿಗೆ ಹೊಟ್ಟೆ ತುಂಬಿಹೋಗಿದೆಯಂತೆ. ಇನ್ನೊಂದು ಫೋಟೊಗೂ ಜಾಗವಿಲ್ಲ ಎಂದು ಅದು ಒಂದು ವಾರದಿಂದ ಗೋಗರೆಯುತ್ತಿತ್ತು. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದುಕೊಂಡು, ಬೇಡದ್ದನ್ನೆಲ್ಲ ಅಳಿಸಿಬಿಡೋಣ ಎಂದು ಕೂತೆ. ಬೇರೆಯವರ ಫೋನಿನಲ್ಲಿ ಏನಿರುತ್ತದೆ ಹೇಳಿ? ಮದುವೆ, ಮುಂಜಿ, ಹುಟ್ಟುಹಬ್ಬ, ಸಫಾರಿಗೆ ಹೋದಾಗ ದೂರದಿಂದ ತೆಗೆದ ಸಿಂಹದ ಬಾಲ. ನನ್ನದರಲ್ಲಿ ಇರುವುದು ಎಲೆ. ಎಲೆಯ ಮುಂಭಾಗ, ಎಲೆಯ ಹಿಂಭಾಗ, ಹಿಂಭಾಗದಲ್ಲಿ ಅಂಟಿಕೊಂಡ ಬಿಳಿ ಹುಳು, ಗಿಡದ ಬುಡ, ಬುಡದ ಮಣ್ಣು, ಮಣ್ಣು ಎಷ್ಟು ಆಳದವರೆಗೆ ಒದ್ದೆಯಾಗಿದೆ ಎಂದು ತೋರಿಸಲು ಅದರೊಳಗೆ ತೂರಿಸಿದ ನನ್ನದೇ ತೋರುಬೆರಳು. ಹೀಗೆ ನೂರಾರು. ಒಬ್ಬ ಮನುಷ್ಯನೂ ಇಲ್ಲ.

ಬೆರಳಿನಿಂದ ಉಜ್ಜುತ್ತ ಹೋದರೆ ಬಣ್ಣ ಮಾತ್ರ ಬದಲಾಗುತ್ತದೆ. ನವೆಂಬರಿನದು ಕಣ್ಣು ಕುಕ್ಕುವ ಹಸಿರು, ಹುಲ್ಲಿನ ಮೇಲೆ ಜಕರಾಂಡದ ನೇರಳೆ ಹೂವು ಚೆಲ್ಲಿದೆ. ಡಿಸೆಂಬರಿನದು ಸ್ವಲ್ಪ ಮಂಕು. ಜನವರಿಯಲ್ಲಿ ಹಳದಿ. ಫೆಬ್ರವರಿಗೆ ಬರುವ ಹೊತ್ತಿಗೆ ನನ್ನ ತೋಟ ಮಸಾಲೆ ಡಬ್ಬಿಯ ಧನಿಯಾ ಪುಡಿಯ ಬಣ್ಣಕ್ಕೆ ತಿರುಗಿದೆ. ನೈರೋಬಿಯಲ್ಲಿ ವಸಂತ ಮುಗಿದು ಬೇಸಿಗೆ ಹೇಗೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮಾತಾಡದೆ ಈ ಫೋನು ಕೊಟ್ಟುಬಿಡಬಹುದು.

ಈ ಊರಿನಲ್ಲಿ ವಸಂತ ಎಂಬುದು ಇದೆಯೋ ಇಲ್ಲವೋ ಎಂಬ ವಿಷಯದಲ್ಲಿ ನನಗೂ ನನ್ನ ಹೆಂಡತಿ ರತ್ನಾಗೂ ಇಪ್ಪತ್ತು ವರ್ಷದ ತಕರಾರು. ಭೂಮಧ್ಯರೇಖೆಯ ಪಕ್ಕದಲ್ಲಿರುವ ಊರಿಗೆ ಎಂಥ ವಸಂತ, ಎರಡು ಮಳೆ, ಎರಡು ಒಣಗಾಲ, ಅಷ್ಟೇ ಎಂದು ನಾನು. ಮೈಸೂರಿನಲ್ಲಿ ಹುಟ್ಟಿದ ಅವಳು ಒಪ್ಪುವುದಿಲ್ಲ. ಅಕ್ಟೋಬರಿನಲ್ಲಿ ಜಕರಾಂಡ ಹೂಬಿಟ್ಟು, ಸಣ್ಣ ಮಳೆ ಶುರುವಾಗಿ, ಕಂಡಕಂಡದ್ದೆಲ್ಲ ಚಿಗುರಿದರೆ ಅದು ವಸಂತ. ಮಳೆ ನಿಂತು ಕ್ರಿಸ್‌ಮಸ್ ಬಂದರೆ ಬೇಸಿಗೆ. ಪಂಚಾಂಗ ಏನಾದರೂ ಹೇಳಿಕೊಳ್ಳಲಿ. ನಾವಿರುವ ಬಡಾವಣೆಯ ಹೆಸರೇ ಸ್ಪ್ರಿಂಗ್ ವ್ಯಾಲಿ ಅಲ್ಲವೇ ಎಂದು ಅವಳ ಕೊನೆಯ ಬಾಣ. ಆ ಹೆಸರಿನಲ್ಲಿರುವುದು ವಸಂತವಲ್ಲ, ನೀರಿನ ಊಟೆ ಇರಬೇಕು ಎಂದು ನನ್ನ ಊಹೆ. ವಸಂತವಾದರೂ ಸರಿ, ಊಟೆಯಾದರೂ ಸರಿ, ನಮ್ಮ ನಲ್ಲಿಯಲ್ಲಿ ಎರಡೂ ಬರುವುದಿಲ್ಲ. ಸ್ವಾಹಿಲಿಯಲ್ಲಿ ನೀರಿಗೆ ಮಾಜಿ ಎನ್ನುತ್ತಾರೆ. ಮಾಜಿ ಮಂತ್ರಿ, ಮಾಜಿ ಶಾಸಕ ಎಂದು ಪೇಪರಿನಲ್ಲಿ ಓದಿ ಬೆಳೆದ ನನಗೆ ಮೊದಲು ನಗು ಬಂದಿತ್ತು. ಜನವರಿಯಲ್ಲಿ ನಲ್ಲಿ ತಿರುಗಿಸಿ ಬರೀ ಗಾಳಿಯ ಸದ್ದು ಕೇಳಿದ ಮೇಲೆ, ಈ ಭಾಷೆ ಮಾಡಿದವರಿಗೆ ಕನ್ನಡ ಗೊತ್ತಿತ್ತೇನೋ ಅನ್ನಿಸಿತು.

ತೋಟವೆಂದರೆ ನನಗೆ ಚಿಕ್ಕಂದಿನಿಂದಲೂ ಆಗದು. ಇದಕ್ಕೆ ಕಾರಣ ನಮ್ಮಪ್ಪ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವಿದ್ದದ್ದು. ಅಪ್ಪ ಪಾರ್ಸೆಲ್ ಆಫೀಸಿನ ಗುಮಾಸ್ತರು. ಊರಿಗೆಲ್ಲ ಬರ ಬಂದರೂ ನಮ್ಮ ಮನೆಯ ಮುಂದಿನ ಕಾಬಾಳೆ ಕೆಂಪಗೆ ಅರಳಿರಬೇಕು ಎಂಬುದು ಅವರ ಹಟ. ಇಂಜಿನ್ನಿನ ಬೂದಿ ತಂದು ಬುಡಕ್ಕೆ ಹಾಕುತ್ತಿದ್ದರು, ಹೂವಿಗೆ ಕೆಂಪು ಬರುವುದೇ ಅದರಿಂದ ಎಂದು ನಂಬಿದ್ದರು. ಮಾರ್ಚ್ ತಿಂಗಳು ಬಂತೆಂದರೆ ಬೇರೆ ಮನೆಗಳಲ್ಲಿ ಬೇಸಿಗೆ ಎಂದು ಗೊತ್ತಾಗುತ್ತಿದ್ದುದು ಮಣ್ಣಿನ ಹೂಜಿಯಿಂದ, ಚಾವಣಿಯ ಮೇಲೆ ಒಣಗುವ ಸಂಡಿಗೆಯಿಂದ. ನಮ್ಮ ಮನೆಯಲ್ಲಿ ಗೊತ್ತಾಗುತ್ತಿದ್ದುದು ನನ್ನ ಅಂಗೈಯಿಂದ. ಸ್ಟೇಷನ್ನಿನ ಹಿಂದಿದ್ದ ಕೊಳಾಯಿಯಿಂದ ಬಕೆಟ್ ಹೊತ್ತು ಹೊತ್ತು ಅಂಗೈಯಲ್ಲಿ ಹಿಡಿಯ ಗುರುತು ಬೀಳುತ್ತಿತ್ತು. ಮುಂದೆ ದೊಡ್ಡವನಾದ ಮೇಲೆ ನನ್ನ ಮನೆಯ ಮುಂದೆ ಸಿಮೆಂಟು ಹಾಕಿಸುತ್ತೇನೆ, ಒಂದು ಹುಲ್ಲುಕಡ್ಡಿಗೂ ಜಾಗ ಕೊಡುವುದಿಲ್ಲ ಎಂದು ಆಗಲೇ ನಿಶ್ಚಯ ಮಾಡಿದ್ದೆ. ದೊಡ್ಡವನಾದೆ, ಇಂಜಿನಿಯರ್ ಆದೆ, ಪ್ಲಾಸ್ಟಿಕ್ ಕೊಳವೆ ಮಾಡುವ ಫ್ಯಾಕ್ಟರಿಗೆ ಮ್ಯಾನೇಜರ್ ಆಗಿ ನೈರೋಬಿಗೆ ಬಂದೆ. ಕಂಪನಿಯವರು ಕೊಟ್ಟ ಮನೆಯ ಹಿಂದೆ ನಮ್ಮ ಇಡೀ ಕ್ವಾರ್ಟರ್ಸ್ ಹಿಡಿಸುವಷ್ಟು ತೋಟ. ಅದನ್ನು ನೋಡಿ ರತ್ನಾ ನಕ್ಕಳು. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಅವಳು ಅಷ್ಟು ಹಿಗ್ಗಿದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿಗೆ ನನ್ನ ಸಿಮೆಂಟಿನ ಕನಸು ಮುಗಿಯಿತು.

ಇನ್ನು ನಡೆದದ್ದನ್ನು ಹೇಳುತ್ತೇನೆ.

ನಮ್ಮ ಮಗಳು ಮೇಘನಾ ನೈರೋಬಿಯಲ್ಲೇ ಬೆಳೆದವಳು. ಡಿಗ್ರಿ ಓದಲು ಬೆಂಗಳೂರಿಗೆ ಹೋದವಳು ಅಲ್ಲೇ ಶಾಲೆಯೊಂದರಲ್ಲಿ ಟೀಚರಾಗಿ, ಅಲ್ಲೇ ಮದುವೆಯಾಗಿ ನಿಂತಳು. ಚೊಚ್ಚಲ ಬಸಿರಿಯಾಗಿದ್ದವಳಿಗೆ ಬಿಪಿ ಏರುತ್ತಿದೆ ಎಂದು ಗೊತ್ತಾದಾಗ ರತ್ನಾ ನವೆಂಬರ್ ಮಧ್ಯದಲ್ಲಿ ಹೊರಟಳು. ಹೆರಿಗೆ ಇದ್ದದ್ದು ಫೆಬ್ರವರಿಗೆ. ಹೊರಡುವ ದಿನ ನನ್ನನ್ನು ತೋಟವಿಡೀ ಸುತ್ತಿಸಿದಳು. ಯಾವುದಕ್ಕೆ ನೀರು, ಯಾವುದಕ್ಕೆ ಹನಿ, ಯಾವುದನ್ನು ಮುಟ್ಟಲೇಬಾರದು. ದಾಸವಾಳದ ಮೊಗ್ಗನ್ನು ಉದ್ದ ಬಾಲದ ಬೂದು ಹಕ್ಕಿಗಳು ತಿನ್ನಲು ಬರುತ್ತವೆ, ಓಡಿಸಬೇಕು. ಹತ್ತಿರದ ಕರೂರಾ ಕಾಡಿನಿಂದ ಕೋತಿ ಬರುತ್ತದೆ, ಅದನ್ನೂ ಓಡಿಸಬೇಕು. ತೋಟದ ಕೆಲಸಕ್ಕೆ ವಾರಕ್ಕೆ ಮೂರು ದಿನ ಬರುವ ಮುಟುವಾ ಕತ್ತರಿ ಹಿಡಿದು ಮಲ್ಲಿಗೆಯ ಹತ್ತಿರ ಸುಳಿದರೆ ಅವನನ್ನೂ ಓಡಿಸಬೇಕು. ಮಲ್ಲಿಗೆಯ ಚಪ್ಪರದ ಮುಂದೆ ಬಂದು ನಿಂತಳು. ಒಂದು ಸಲ ಗಿಡವನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು, ನಿಟ್ಟುಸಿರುಬಿಟ್ಟು ಕಾರು ಹತ್ತಿದಳು.

ಮರುದಿನ ಬೆಳಿಗ್ಗೆ ಆರೂವರೆಗೆ ಮೊದಲ ವಿಡಿಯೊ ಕಾಲ್ ಬಂತು. ನಾನು ಏಳಕ್ಕೆ ಮೊದಲು ಮನೆ ಬಿಡಬೇಕು. ಬಿಡದಿದ್ದರೆ ಇಂಡಸ್ಟ್ರಿಯಲ್ ಏರಿಯಾದವರೆಗೂ ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಿಂಭಾಗ ನೋಡುತ್ತ, ಅವುಗಳ ಹಾಡು ಕೇಳುತ್ತ ನಿಂತಿರಬೇಕು. ಇದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ದಿನವೂ ಅದೇ ಹೊತ್ತಿಗೆ ಫೋನು. ನಾನು ಪೈಜಾಮದಲ್ಲಿ, ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಫೋನು ಹಿಡಿದು ಇಬ್ಬನಿಯ ಹುಲ್ಲಿನ ಮೇಲೆ ಚಪ್ಪಲಿ ಎಳೆಯುತ್ತ ನಡೆಯಬೇಕು. ಕ್ಯಾಮೆರಾ ಸ್ವಲ್ಪ ಎಡಕ್ಕೆ. ಅಷ್ಟಲ್ಲ, ಸ್ವಲ್ಪ. ಈಗ ಕೆಳಗೆ. ಎಲೆ ತಿರುಗಿಸಿ. ಬೆರಳು ಅಡ್ಡ ಬರ್ತಿದೆ. ಅದೇನು ಚುಕ್ಕೆ? ಸಂಜೆ ಹತ್ತಿರದಿಂದ ಫೋಟೊ ತೆಗೆದು ಕಳಿಸಿ. ನನ್ನ ಮುಖ ಹೇಗಿದೆ ಎಂದು ಅವಳು ಒಂದು ದಿನವೂ ನೋಡಲಿಲ್ಲ. ನಲವತ್ತು ಜನ ನನ್ನ ಮಾತು ಕೇಳುವ ಫ್ಯಾಕ್ಟರಿಯೊಂದು ಈ ಊರಿನ ಇನ್ನೊಂದು ತುದಿಯಲ್ಲಿದೆ ಎಂಬುದನ್ನು ನಾನೇ ಮರೆತುಬಿಡುವ ಹಾಗಾಯಿತು.

ನವೆಂಬರ್ ಪೂರ್ತಿ ತೋಟ ನನ್ನ ಮಾನ ಉಳಿಸಿತು, ನಿಜ ಹೇಳಬೇಕು. ಸಂಜೆ ಮಳೆ ಬಂದು ಬೆಳಿಗ್ಗೆ ಬಿಸಿಲು. ನಾನು ಏನೂ ಮಾಡದಿದ್ದರೂ ಎಲ್ಲ ತಾನಾಗಿ ಚಿಗುರುತ್ತಿತ್ತು. ಕೊತ್ತಂಬರಿ ಮೊಣಕಾಲಿನವರೆಗೆ ಬೆಳೆದು ಹೂವಾಯಿತು. ಹಡಾಡ ಎಂಬ ಹಕ್ಕಿಗಳು ಬೆಳಗಾಗುವ ಮೊದಲೇ ತುಕ್ಕು ಹಿಡಿದ ಗೇಟು ಎಳೆದ ಹಾಗೆ ಕಿರುಚಿ, ಹುಲ್ಲಿನಲ್ಲಿ ಕೊಕ್ಕು ಚುಚ್ಚಿ ಹುಳ ತೆಗೆದು ತಿನ್ನುತ್ತಿದ್ದವು. ನಾನು ಯಜಮಾನನ ಹಾಗೆ ವರಾಂಡದಲ್ಲಿ ನಿಂತು ಇದೆಲ್ಲ ನನ್ನ ಕೈಗುಣ ಎಂದುಕೊಂಡೆ.

ಡಿಸೆಂಬರಿನ ಎರಡನೆಯ ವಾರದಲ್ಲಿ ಎರಡು ಸಂಗತಿ ಒಟ್ಟಿಗೇ ಆದವು. ಇಲ್ಲಿ ಮಳೆ ನಿಂತಿತು. ಅಲ್ಲಿ ಮೇಘನಾಳ ಬಿಪಿ ಕೈಮೀರಿ, ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣುಮಗು. ಏಳು ತಿಂಗಳಿಗೇ ಬಂದದ್ದು. ತಾಯಿಗೆ ಪರವಾಗಿಲ್ಲ, ಮಗು ಎನ್‌ಐಸಿಯುನಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ ಎಂದು ಅಳಿಯ ಫೋನು ಮಾಡಿದ.

ಕ್ರಿಸ್‌ಮಸ್‌ಗೆ ಫ್ಯಾಕ್ಟರಿ ಮುಚ್ಚುತ್ತದೆ, ಬಂದುಬಿಡುತ್ತೇನೆ ಎಂದೆ ರತ್ನಾಗೆ. ಬೇಡವೆಂದಳು. ಮಗುವಿನ ಹತ್ತಿರ ತಾಯಿಯನ್ನು ಬಿಟ್ಟು ಯಾರನ್ನೂ ಬಿಡುವುದಿಲ್ಲ, ತನ್ನನ್ನೇ ಬಿಡುವುದಿಲ್ಲ. ಅಳಿಯನ ಎರಡು ಕೋಣೆಯ ಮನೆಯಲ್ಲಿ ಬೀಗರೂ ಬಂದು ಇಳಿದಿದ್ದಾರೆ.

"ನೀವು ಬಂದು ಏನು ಮಾಡ್ತೀರ? ಅಲ್ಲೇ ಇದ್ದು ಗಿಡ ನೋಡ್ಕೊಳ್ಳಿ," ಎಂದಳು.

ಈ ಮಾತು ನನಗೆ ನಾಟಿತು. ಮೊಮ್ಮಗಳು ಹುಟ್ಟಿದ್ದಾಳೆ, ಅಜ್ಜನಾದವನಿಗೆ ಬದನೆ ಗಿಡ ಕಾಯುವ ಕೆಲಸ. ಮರುದಿನ ಬೆಳಿಗ್ಗೆ ಆರೂವರೆಗೆ ಫೋನು ಬಂದಾಗ ಮಗು ಹೇಗಿದೆ ಎಂದು ಕೇಳಿದೆ. ಇದೆ, ಎಂದಳು. ಎಷ್ಟು ತೂಕ, ಡಾಕ್ಟರು ಏನಂತಾರೆ ಎಂದರೆ, ಆಮೇಲೆ ಹೇಳ್ತೀನಿ, ಮೊದಲು ಮಲ್ಲಿಗೆ ತೋರಿಸಿ, ಎಂದಳು. ಆಮೇಲೆ ಎನ್ನುವುದು ಬರಲೇ ಇಲ್ಲ. ಮಗುವಿನ ವಿಷಯವೆಲ್ಲ ನನಗೆ ತಿಳಿಯುತ್ತಿದ್ದುದು ಸಂಜೆ ಅಳಿಯ ಕಳಿಸುವ ಎರಡು ಸಾಲಿನಿಂದ. ಇವಳು ಮಾತ್ರ ದಿನವೂ ಬೆಳಿಗ್ಗೆ ಆಸ್ಪತ್ರೆಯ ಯಾವುದೋ ಬೆಂಚಿನ ಮೇಲೆ ಕೂತು, ನೈರೋಬಿಯ ಕರಿಬೇವಿನ ಆರೋಗ್ಯ ವಿಚಾರಿಸುತ್ತಿದ್ದಳು. ಈ ಹೆಂಗಸಿಗೆ ಎದೆ ಎಂಬುದಿದೆಯೋ ಇಲ್ಲವೋ ಎಂದು ನಾನು ಹಲ್ಲುಜ್ಜುತ್ತ ಯೋಚಿಸಿದ್ದುಂಟು.

ಜನವರಿ ಬಂತು. ಬೇಸಿಗೆಯೆಂದರೆ ಬೇಸಿಗೆ. ನೈರೋಬಿಯ ಬಿಸಿಲು ನಮ್ಮ ಕಡೆಯದರಂತೆ ಬೆವರಿಳಿಸುವುದಿಲ್ಲ, ಸದ್ದಿಲ್ಲದೆ ಹೀರುತ್ತದೆ. ಹುಲ್ಲು ಮೊದಲು ಬೆಳ್ಳಗಾಯಿತು, ಆಮೇಲೆ ಕಾಲಿಟ್ಟರೆ ಹಪ್ಪಳದಂತೆ ಮುರಿಯತೊಡಗಿತು. ಕಾಡಿನಲ್ಲಿ ತಿನ್ನಲು ಸಿಗದ ಕೋತಿಗಳು ಸಂಸಾರ ಸಮೇತ ಬಂದು ಪ್ಯಾಷನ್ ಹಣ್ಣಿನ ಬಳ್ಳಿಯನ್ನು ಎಳೆದುಹಾಕಿದವು. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು, ಅದೂ ಬಂದರೆ. ಟ್ಯಾಂಕರಿನವನು ನಾಳೆ ಎಂದರೆ ಅದು ಯಾವ ನಾಳೆ ಎಂದು ತಿಳಿಯುತ್ತಿರಲಿಲ್ಲ. ಮುಟುವಾ ಮಾತ್ರ ಬಂದಾಗಲೆಲ್ಲ ಆಕಾಶ ನೋಡಿ, ಈ ವಾರ ಮಳೆ ಖಂಡಿತ, ತನ್ನ ಮೊಣಕಾಲು ನೋಯುತ್ತಿದೆ ಎಂದು ಹೇಳುತ್ತಿದ್ದ. ಅವನ ಮೊಣಕಾಲು ಜನವರಿಯಿಡೀ ನೋಯಿತು, ಒಂದು ಹನಿ ಬೀಳಲಿಲ್ಲ. ಒಂದು ದಿನ ರತ್ನಾ ಅವನಿಗೇ ಫೋನು ಕೊಡಿ ಎಂದಳು. ಹೆಂಡತಿಯ ಹರಕು ಸ್ವಾಹಿಲಿಯಲ್ಲಿ ಹತ್ತು ಪ್ರಶ್ನೆ ಬಂದವು. ಬೆನ್ನ ಹಿಂದೆ ಬದನೆ ಗಿಡಗಳು ತಲೆ ನೇತುಹಾಕಿ ನಿಂತಿರುವಾಗ ಅವನು ನಗುನಗುತ್ತ, "ಕಿಲಾ ಕಿತು ಸವಾ, ಮಾಮಾ," ಎಲ್ಲವೂ ಚೆನ್ನಾಗಿದೆ ತಾಯಿ, ಎಂದುಬಿಟ್ಟ. ಆ ಇಡೀ ತೋಟದಲ್ಲಿ ಚೆನ್ನಾಗಿದ್ದದ್ದು ಬೇಲಿಯ ಬೋಗನ್‌ವಿಲ್ಲಾ ಒಂದೇ. ಯಾರೂ ಅದಕ್ಕೆ ನೀರು ಹಾಕಿರಲಿಲ್ಲ, ಯಾರೂ ಅದನ್ನು ಕೇಳಿರಲಿಲ್ಲ. ನನ್ನನ್ನು ಅಣಕಿಸಲೆಂದೇ ಅದು ಮೈತುಂಬ ಹೂಬಿಟ್ಟು ನಿಂತಿತ್ತು.

ನಾನು ಕೈಕಟ್ಟಿ ಕೂತಿರಲಿಲ್ಲ. ಸ್ನಾನದ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲ ಬಕೆಟ್ಟಿನಲ್ಲಿ ಹೊತ್ತು ಹಾಕಿದೆ. ಆದರೂ ಮಲ್ಲಿಗೆ ಕೆಳಗಿನಿಂದ ಎಲೆ ಉದುರಿಸತೊಡಗಿತು. ಪಕ್ಕದ ಮನೆಯ ಡಾಕ್ಟರ್ ಸೆಲಿನ್ ಅವರು ಬೇಲಿಯಾಚೆಯಿಂದ ಇದನ್ನು ನೋಡಿದರು. ಅವರು ಮಂಗಳೂರಿನವರು, ಇಲ್ಲಿಗೆ ಬಂದು ನಲವತ್ತು ವರ್ಷವಾಗಿದೆ, ಈಗ ನಿವೃತ್ತರು. ಅವರ ಮನೆಯಲ್ಲಿ ಬೋರ್‌ವೆಲ್ ಇದೆ. ಅವರೂ ರತ್ನಾಳೂ ಲಿಮುರು ರಸ್ತೆಯ ಬದಿಯ ನರ್ಸರಿಯಲ್ಲಿ ಒಂದೇ ದಿನ ಕೊಂಡು ತಂದ ಮಲ್ಲಿಗೆಯ ಜೋಡಿಯಲ್ಲಿ ಇನ್ನೊಂದು ಅವರ ಮನೆಯಲ್ಲಿತ್ತು. ಹಚ್ಚಹಸಿರಾಗಿ, ಮೊಗ್ಗು ಬಿಟ್ಟುಕೊಂಡು.

ನನ್ನ ಹೆಂಡತಿಗೆ ನಾಳೆ ಏನು ತೋರಿಸಲಿ ಎಂದು ಅವರ ಮುಂದೆ ಗೋಳಾಡಿಕೊಂಡೆ.

"ಇಲ್ಲಿ ಬಂದು ಇದನ್ನೇ ತೋರಿಸಿ ಮಾರಾಯ್ರೆ," ಎಂದರು ಡಾಕ್ಟರು. "ಹತ್ತಿರ ಹಿಡಿದ್ರೆ ಯಾರ ಮನೆಯದ್ದು ಅಂತ ಎಂತ ಗೊತ್ತಾಗ್ತದೆ?"

ಹೀಗೆ ನನ್ನ ಬೆಳಗಿನ ಯಾತ್ರೆಗೆ ಇನ್ನೊಂದು ಹಂತ ಸೇರಿತು. ಬೇಲಿಯ ಸಂದಿಯಲ್ಲಿ ಪೈಜಾಮ ಸಿಕ್ಕಿಸಿಕೊಳ್ಳದೆ ನುಸುಳುವುದು, ಡಾಕ್ಟರ ಮನೆಯ ದಪ್ಪ ನಾಯಿಗೆ ಬಿಸ್ಕತ್ತು ಹಾಕುವುದು, ಫೋನು ಬರುವ ಮೊದಲೇ ಮಲ್ಲಿಗೆಯ ಮುಂದೆ ನಿಲ್ಲುವುದು. ಹಿನ್ನೆಲೆ ಕಾಣದ ಹಾಗೆ ಎಲೆಗೆ ಮೂಗು ತಗಲುವಷ್ಟು ಹತ್ತಿರ ಕ್ಯಾಮೆರಾ ಹಿಡಿಯುತ್ತಿದ್ದೆ. ಬೇರೆ ಗಿಡ ಕೇಳಿದರೂ ಅವರ ತೋಟದ್ದನ್ನೇ ಹೀಗೆ ತೋರಿಸುತ್ತಿದ್ದೆ. ರತ್ನಾ ಏನೂ ಅನುಮಾನಪಡಲಿಲ್ಲ. ಪರವಾಗಿಲ್ಲ, ಚೆನ್ನಾಗಿ ನೋಡ್ಕೋತಿದ್ದೀರ, ಎಂದು ಒಂದು ದಿನ ಹೊಗಳಿದಳು ಕೂಡ. ಮದುವೆಯಾದ ಮೇಲೆ ಅವಳ ಬಾಯಲ್ಲಿ ನಾನು ಅಪರೂಪಕ್ಕೆ ಕೇಳಿದ ಮಾತು. ಅದೂ ಪಕ್ಕದ ಮನೆಯ ಗಿಡಕ್ಕೆ.

ಜನವರಿಯ ಕೊನೆಯ ವಾರ. ಮಗು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬರುವ ಹಾಗಿದೆ, ತೂಕ ಏರುತ್ತಿದೆ ಎಂದು ಅಳಿಯ ಬರೆದಿದ್ದ. ನಾನೂ ಸ್ವಲ್ಪ ಹಗುರಾಗಿದ್ದೆ. ಒಂದು ಮಂಗಳವಾರ ಎಂದಿನಂತೆ ಬೇಲಿ ನುಸುಳಿ, ಡಾಕ್ಟರ ಮಲ್ಲಿಗೆಯ ಮುಂದೆ ನಿಂತೆ. ಆರೂವರೆಯಾಯಿತು. ಫೋನು ಬರಲಿಲ್ಲ. ಇವತ್ತಾದರೂ ಬೇಗ ಫ್ಯಾಕ್ಟರಿ ಸೇರಬಹುದು ಎಂದು ಮೊದಲು ಖುಷಿಯಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು. ನಾಯಿ ಬಿಸ್ಕತ್ತು ತಿಂದು ಮುಗಿಸಿ ನನ್ನ ಕಾಲ ಮೇಲೆ ಮಲಗಿತು. ಸೆಲಿನ್ ಡಾಕ್ಟರು ಹೊರಗೆ ಬಂದು, ಕಾಲ್ ಬರಲಿಲ್ಲವಾ ಎಂದರು. ಇಲ್ಲ ಎಂದೆ. ಅವರು ಒಂದು ಕುರ್ಚಿ ತಂದಿಟ್ಟರು. ನಾನು ಕೂರಲಿಲ್ಲ.

ರತ್ನಾಗೆ ಮಾಡಿದೆ, ಎತ್ತಲಿಲ್ಲ. ಮೇಘನಾಗೆ ಮಾಡಿದೆ. ಬಹಳ ಹೊತ್ತಿನ ಮೇಲೆ ಎತ್ತಿದಳು. ನನ್ನ ಮಗಳು ನನ್ನ ಜೊತೆ ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವವಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಇಪ್ಪತ್ತು ವರ್ಷದಿಂದ ನಡೆದುಬಂದ ಪದ್ಧತಿ. ಆ ದಿನ ಅವಳು ಕನ್ನಡದಲ್ಲಿ ಮಾತಾಡಿದಳು. ಡಾಕ್ಟರು ತಂದಿಟ್ಟ ಕುರ್ಚಿಯಲ್ಲಿ ನಾನು ಕೂತುಬಿಟ್ಟೆ.

"ಅಪ್ಪಾ, ಪುಟ್ಟಿ ಬೆಳಿಗ್ಗೆ ಬ್ರೀದ್ ಮಾಡೋದು ನಿಲ್ಸಿಬಿಟ್ಟಿದ್ಲು. ಇನ್‌ಫೆಕ್ಷನ್ ಅಂತಿದಾರೆ. ಡಾಕ್ಟರ್ಸ್ ಎಲ್ಲ ಒಳಗಿದಾರೆ. ನನ್ನನ್ನೂ ಹೊರಗೆ ಕಳಿಸಿದ್ರು."

ಅಮ್ಮ ಎಲ್ಲಿ ಎಂದು ಕೇಳಿದೆ. ಕೆಳಗೆ ಹೋಗಿ ಮೆಟ್ಟಿಲ ಮೇಲೆ ಕೂತಿದ್ದಾಳೆ, ಯಾರ ಜೊತೆಗೂ ಮಾತಾಡುತ್ತಿಲ್ಲ ಎಂದಳು. ಆಮೇಲೆ ಹೇಳಿದಳು, ನಮ್ಮ ಆರೂವರೆಯೆಂದರೆ ಅಲ್ಲಿ ಒಂಬತ್ತು ಗಂಟೆ, ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ಹೊತ್ತು. ಮೇಘನಾ ಒಳಗಿರುತ್ತಾಳೆ, ಅವಳ ಗಂಡ ಆಫೀಸಿಗೆ ಹೋಗಿರುತ್ತಾನೆ. ರತ್ನಾ ಒಬ್ಬಳೇ ಆ ಬಾಗಿಲ ಹೊರಗೆ. ಡಾಕ್ಟರು ಒಳಗೆ ಹೋಗಿ, ಮಕ್ಕಳನ್ನೆಲ್ಲ ನೋಡಿ, ಹೊರಗೆ ಬಂದು ಇವತ್ತು ಹೀಗೆ ಎಂದು ಹೇಳುವವರೆಗೆ ಅವಳಿಗೆ ಕೂರಲು ಆಗುವುದಿಲ್ಲ, ನಿಲ್ಲಲೂ ಆಗುವುದಿಲ್ಲ.

"ಆ ಟೈಮಲ್ಲೇ ಅಮ್ಮ ನಿಮಗೆ ಕಾಲ್ ಮಾಡೋದು. ನೀವು ಗಿಡ ತೋರಿಸ್ತಾ ಇದ್ರೆ ಅವಳು ಸರಿ ಇರ್ತಾಳೆ. ಪ್ಲೀಸ್ ಅಪ್ಪಾ, ಇವತ್ತು ನೀವೇ ಮಾಡಿ. ಎತ್ತೋವರೆಗೂ ಮಾಡಿ."

ಎತ್ತುವವರೆಗೂ ಮಾಡಿದೆ. ಕೊನೆಗೆ ಪರದೆಯ ಮೇಲೆ ಅವಳ ಕಿವಿ, ಒಂದು ಗೋಡೆ, ಮೆಟ್ಟಿಲ ಕಂಬಿ ಕಾಣಿಸಿತು. ನಾನು ಮಗುವಿನ ಮಾತೆತ್ತಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಕ್ಯಾಮೆರಾ ತಿರುಗಿಸಿ, ಬೇಲಿ ನುಸುಳಿ ನನ್ನ ತೋಟಕ್ಕೆ ಓಡಿದೆ. ಅವಳ ತೋಟ ಅದು, ಅವಳಿಗೆ ಅದನ್ನೇ ತೋರಿಸಬೇಕು ಎಂಬುದಷ್ಟೇ ತಲೆಯಲ್ಲಿತ್ತು. ಅದು ಒಣಗಿ ಹೋಗಿದೆ ಎಂಬುದು, ಇಷ್ಟು ದಿನದಿಂದ ನಾನು ನಾಟಕ ಆಡುತ್ತಿದ್ದೇನೆ ಎಂಬುದು, ಯಾವುದೂ ನೆನಪಾಗಲಿಲ್ಲ. ಇದು ದಾಸವಾಳ, ಮೇಲಿನ ಕೊಂಬೆ ಒಣಗಿದೆ. ಇದು ಬದನೆ, ಇತ್ತು. ಇಲ್ಲಿ ಕೊತ್ತಂಬರಿ ಬೆಳೆದಿತ್ತು ನೋಡು, ಈಗ ಹಡಾಡಗಳು ಗುಳಿ ತೋಡಿವೆ. ಇದು ಬಳ್ಳಿ, ಕೋತಿ ಕಿತ್ತದ್ದು. ಇದು ಕನಕಾಂಬರ. ಕನಕಾಂಬರದ ವಿಷಯ ನಾನು ಹೇಳುವುದಿಲ್ಲ. ನನಗೇ ನನ್ನ ದನಿ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನಂತೆ ಕೇಳುತ್ತಿತ್ತು. ನಿಲ್ಲಿಸಿದರೆ ಏನಾಗುತ್ತದೋ ಎಂದು ನಿಲ್ಲಿಸಲಿಲ್ಲ. ಚಪ್ಪರದ ಹತ್ತಿರ ಬಂದು ಮಲ್ಲಿಗೆಯನ್ನೂ ತೋರಿಸಿದೆ. ಎಲೆಯಿಲ್ಲದ ನಾಲ್ಕು ಕಡ್ಡಿ.

ಆಗ ಆಚೆಯಿಂದ ದನಿ ಬಂತು.

"ಬುಡಕ್ಕೆ ಸೋಪಿನ ನೀರು ಹಾಕಿದೀರ."

ಪಾತ್ರೆ ತೊಳೆದದ್ದು ಎಂದೆ.

"ಸೋಪಿನ ನೀರು ಹಾಕ್ತಾರೇನ್ರೀ ಯಾರಾದ್ರೂ ಮಲ್ಲಿಗೆಗೆ?"

ಅಲ್ಲಿಂದ ಶುರುವಾಯಿತು. ಇಪ್ಪತ್ತು ವರ್ಷ ಈ ತೋಟದ ಜೊತೆಗಿದ್ದೂ ಮಣ್ಣು ಯಾವುದು, ಗೊಬ್ಬರ ಯಾವುದು ಎಂದು ತಿಳಿಯದವರು. ಮುಟುವಾನನ್ನು ನಂಬಿದವರು. ಒಣಹುಲ್ಲನ್ನು ಬುಡಕ್ಕೆ ಹರಡಿದ್ದರೆ ಅರ್ಧ ನೀರು ಉಳಿಯುತ್ತಿತ್ತು, ಕಂಪನಿ ನಡೆಸುವವರಿಗೆ ಅಷ್ಟು ಬುದ್ಧಿ ಬೇಡವೇ. ದಿನವೂ ಬೆಳಿಗ್ಗೆ ಸೆಲಿನ್ ಡಾಕ್ಟರ ಗಿಡ ತೋರಿಸಿ ಮೋಸ ಮಾಡುವುದಕ್ಕೆ ಮಾತ್ರ ಬುದ್ಧಿಯಿತ್ತು. ಆ ನಾಯಿ ಪಕ್ಕದಲ್ಲೇ ಏದುಸಿರುಬಿಡುವುದು ಮೊದಲ ದಿನವೇ ಕೇಳಿಸಿತ್ತು, ತಾನೇನು ಕಿವುಡಿಯೇ. ಹಾಗಾದರೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಹಸಿರಾಗಿ ಏನೋ ಒಂದು ಕಾಣ್ತಿತ್ತಲ್ಲ, ಎಂದಳು. ಹೇಳಿ ಮತ್ತೆ ಬಯ್ಯತೊಡಗಿದಳು. ಬೈಗುಳದ ನಡುವೆ ಅವಳ ದನಿ ಒಮ್ಮೆ ಕೀರಲಾಗುತ್ತಿತ್ತು, ಮತ್ತೆ ಗಟ್ಟಿಯಾಗುತ್ತಿತ್ತು. ನಾನು ಒಣಹುಲ್ಲಿನ ಮೇಲೆ ಕೂತುಬಿಟ್ಟು, ಹೂಂ, ಹೂಂ ಎನ್ನುತ್ತ ಕ್ಯಾಮೆರಾವನ್ನು ಆ ನಾಲ್ಕು ಕಡ್ಡಿಗಳ ಮೇಲೆಯೇ ಹಿಡಿದಿದ್ದೆ. ಆ ದಿನ ಅವಳು ಎಷ್ಟು ಬೈದರೂ ಸಾಲದು ಅನ್ನಿಸಿತ್ತು. ನನಗೆ ತಿಳಿದ ತಪ್ಪುಗಳನ್ನೆಲ್ಲ ನಾನೇ ಎತ್ತಿ ಎತ್ತಿ ಕೊಟ್ಟೆ.

ಒಮ್ಮೆಲೆ ಯಾರೋ ಮೇಲಿನಿಂದ ಅವಳ ಹೆಸರು ಕೂಗಿದರು. ಕಂಬಿ, ಗೋಡೆ, ಸೀರೆಯ ನೆರಿಗೆ, ಮತ್ತೆ ಏನೂ ಇಲ್ಲ. ಫೋನು ಕಡಿದುಹೋಯಿತು.

ಬೇಲಿಯ ಆಚೆ ಡಾಕ್ಟರು ನಿಂತಿದ್ದರು. ನೀವು ಹೇಳಿ, ಇಂಥ ಮಕ್ಕಳು ಉಳಿಯುತ್ತವೆಯೇ ಎಂದು ಕೇಳಿದೆ. ನಾನು ಚರ್ಮದ ಡಾಕ್ಟರು, ಸುಳ್ಳು ಯಾಕೆ ಹೇಳಲಿ, ನನಗೆ ಗೊತ್ತಿಲ್ಲ, ಎಂದರು. ಹೇಳಿ, ಬೇಲಿ ನುಸುಳಿ ಈಚೆ ಬಂದು, ಆ ವಯಸ್ಸಿನಲ್ಲಿ ನನ್ನ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತರು. ಅವರ ನಾಯಿಯೂ ಬಂತು. ಫ್ಯಾಕ್ಟರಿಯಿಂದ ಬಂದ ಫೋನುಗಳನ್ನು ನಾನು ಎತ್ತಲಿಲ್ಲ. ಕೆಲಸಕ್ಕೆ ಬಂದ ಮುಟುವಾ ನಮ್ಮನ್ನು ನೋಡಿ, ಏನೋ ಆಗಿದೆ ಎಂದು ತಿಳಿದು, ಗೇಟಿನ ಹತ್ತಿರವೇ ನಿಂತುಕೊಂಡ. ಬಿಸಿಲು ಚಪ್ಪರದ ಮೇಲಿನಿಂದ ಇಳಿದು ನಮ್ಮ ಮಡಿಲಿಗೆ ಬರುವವರೆಗೂ ಕೂತಿದ್ದೆವು.

ಮೇಘನಾಳ ಫೋನು ಬಂತು. ಉಸಿರಾಡುತ್ತಿದ್ದಾಳೆ, ಅಂದಳು. ಮತ್ತೆ ಮಷೀನಿಗೆ ಹಾಕಿದ್ದಾರೆ, ಆದರೆ ಬಣ್ಣ ಬಂದಿದೆ. ಇಂಗ್ಲಿಷಿನಲ್ಲಿ ಹೇಳಿದಳು. ನಾನು ಆ ಇಂಗ್ಲಿಷನ್ನು ಕೇಳಿ ಸಮಾಧಾನದಿಂದ ಅತ್ತೆ.

ಅದಾದ ಮೇಲೂ ಕೆಲವು ದಿನ ಹೆದರಿಕೆಯಲ್ಲೇ ಕಳೆದವು, ಆದರೆ ಅಂಥ ಬೆಳಗು ಮತ್ತೆ ಬರಲಿಲ್ಲ. ಫೆಬ್ರವರಿಯ ಮಧ್ಯದಲ್ಲಿ ಮಗುವನ್ನು ಮನೆಗೆ ಕಳಿಸಿದರು. ಹುಟ್ಟಬೇಕಾದ ಹೊತ್ತಿಗೆ ಸರಿಯಾಗಿ ಮನೆಗೆ ಬಂದಳು ಎಂದು ಬೀಗರು ನಕ್ಕರಂತೆ. ತಿಂಗಳ ಕೊನೆಯಲ್ಲಿ ಬೀಗಿತ್ತಿಯ ಕೈಗೆ ಬಾಣಂತಿಯನ್ನು ಒಪ್ಪಿಸಿ ರತ್ನಾ ವಾಪಸು ಬಂದಳು. ವಿಮಾನ ನಿಲ್ದಾಣದಲ್ಲಿ ನೋಡಿದರೆ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ದಾರಿಯಿಡೀ ತೋಟದ ಬಗ್ಗೆ ಕೇಳಲಿಲ್ಲ. ನಾನು ಸಿದ್ಧಮಾಡಿಕೊಂಡಿದ್ದ ಸಮಜಾಯಿಷಿಗಳೆಲ್ಲ ವ್ಯರ್ಥವಾದವು. ಮನೆಗೆ ಬಂದವಳು ಹಿಂದಿನ ಬಾಗಿಲನ್ನೂ ತೆರೆಯದೆ ಮಲಗಿದಳು. ಮರುದಿನವೂ ಮಲಗಿದ್ದಳು. ಊಟಕ್ಕೆ ಎಬ್ಬಿಸಿದರೆ ಎದ್ದು, ನಾನು ಮಾಡಿದ ಸಾರು ಉಪ್ಪು ಎಂದು ಹೇಳಿ ಮತ್ತೆ ಮಲಗುತ್ತಿದ್ದಳು.

ಶನಿವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹಾಸಿಗೆಯಲ್ಲಿ ಇರಲಿಲ್ಲ. ಹಿಂದೆ ಹೋಗಿ ನೋಡಿದೆ. ಹಳೆಯ ಸೀರೆಯುಟ್ಟು, ಸೆರಗು ಸಿಕ್ಕಿಸಿ, ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಣಗಿದ ಬದನೆ ಗಿಡ ಕೀಳುತ್ತಿದ್ದಳು. ನನ್ನ ಕಡೆ ತಿರುಗದೆ, ಬುಟ್ಟಿ ತನ್ನಿ, ಎಂದಳು. ತಂದು ಹಿಡಿದು ನಿಂತೆ.

"ಮೊದಲನೇ ದಿನ ನನ್ನ ಅಂಗೈಯಷ್ಟೇ ಇದ್ಲು ರೀ," ಎಂದಳು. "ಕಿವಿ ಕಾಗದದ ಥರ. ಅವತ್ತೊಂದು ದಿನ ಒಳಗೆ ಬಿಟ್ಟಿದ್ರು, ಮುಟ್ಟೋಕೆ ಹೆದರಿಕೆಯಾಗಿ ದೂರದಿಂದ್ಲೇ ನೋಡ್ದೆ."

ಒಂದು ಗಿಡ ಕಿತ್ತು ಮಣ್ಣು ಕೊಡವಿ ಬುಟ್ಟಿಗೆ ಹಾಕಿದಳು. ಎರಡನೆಯ ದಿನ ಹೇಗಿತ್ತು, ಯಾವ ನರ್ಸು ಒಳ್ಳೆಯವಳು, ಯಾವ ನರ್ಸು ಸಿಡುಕಿ. ಪಕ್ಕದ ಪೆಟ್ಟಿಗೆಯಲ್ಲಿದ್ದ ಅವಳಿ ಮಕ್ಕಳಲ್ಲಿ ಒಂದು ಹೋದಾಗ ಅದರ ಅಜ್ಜಿ ಅದೇ ಬೆಂಚಿನ ಮೇಲೆ ತನ್ನ ಪಕ್ಕದಲ್ಲಿ ಕೂತಿದ್ದು, ತಾನು ಆ ಹೊತ್ತಿನಲ್ಲಿ ಫೋನಿನಲ್ಲಿ ನನ್ನ ಕರಿಬೇವು ನೋಡುತ್ತಿದ್ದದ್ದು. ಮೇಘನಾ ಮೊದಲ ಸಲ ಮಗುವನ್ನು ಎದೆಗೆ ಅವುಚಿಕೊಂಡು ಬಂದು ಗಾಜಿನ ಹಿಂದೆ ನಿಂತದ್ದು. ಒಂದು ದಿನವನ್ನೂ ಬಿಡದೆ, ಮೊದಲಿನಿಂದ, ಒಂದೊಂದೇ ಹೇಳುತ್ತ ಹೋದಳು. ಹೇಳುತ್ತ ಕೀಳುತ್ತ, ಕೀಳುತ್ತ ಹೇಳುತ್ತ ಬದನೆ ಮುಗಿಸಿ ಕನಕಾಂಬರಕ್ಕೆ ಬಂದಳು, ಕನಕಾಂಬರ ಮುಗಿಸಿ ಮಲ್ಲಿಗೆಯ ಕಡ್ಡಿಗಳನ್ನೂ ಎಳೆದಳು. ನಾನು ಬುಟ್ಟಿ ತುಂಬಿದಾಗ ಹೋಗಿ ಮೂಲೆಯಲ್ಲಿ ಸುರಿದು ಬರುತ್ತಿದ್ದೆ, ಬರುವವರೆಗೆ ಅವಳು ಮಾತು ನಿಲ್ಲಿಸಿ ಕಾಯುತ್ತಿದ್ದಳು.

ಮಧ್ಯಾಹ್ನವಾಯಿತು. ಪಾತಿ ಪೂರ್ತಿ ಖಾಲಿಯಾಗಿ, ಕೆಂಪು ಮಣ್ಣು ಮಾತ್ರ ಉಳಿದಿತ್ತು. ರತ್ನಾ ಸೊಂಟ ಹಿಡಿದು ಎದ್ದು ನಿಂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಊಟಕ್ಕೆ ಏನು ಮಾಡಿದ್ದೀರಿ ಎಂದು ಕೇಳಿದಳು. ಬೆಳಗಿನಿಂದ ಬುಟ್ಟಿ ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದವನು ಏನು ತಾನೇ ಮಾಡಿರಲು ಸಾಧ್ಯ? ಅದನ್ನೂ ಅವಳಿಗೆ ಹೇಳಬೇಕಾಯಿತು.